ಯುರೋಪಿನ ಹತ್ತು ಮಹಾನ್ ಬಾಕ್ಸರ್‌ಗಳು: ಯಾರು ಮೊದಲು, ಯಾವ ಅಳತೆಯಲ್ಲಿ?

ಬಾಕ್ಸಿಂಗ್ ಎಂದೊಡನೆ ನಮ್ಮ ಕ್ರೀಡಾಪ್ರೇಮಿಗಳ ನಾಲಗೆಗೆ ಬರುವ ಹೆಸರುಗಳು ಮಹಮ್ಮದ್ ಅಲಿ, ಜೋ ಫ್ರೇಜಿಯರ್, ಮೈಕ್ ಟೈಸನ್. ಮೂವರೂ ಅಮೆರಿಕನ್ನರು. ಆದರೆ ಇಂದಿನ ಬಾಕ್ಸಿಂಗ್ ರೂಪು ತಳೆದದ್ದು ಇಂಗ್ಲೆಂಡಿನಲ್ಲಿ. 1743ರಲ್ಲಿ ಜಾಕ್ ಬ್ರೌಟನ್ ರೂಪಿಸಿದ ನಿಯಮಗಳು ಬರಿಗೈ ಕಾಳಗಕ್ಕೆ ಮೊದಲ ಕಟ್ಟುಪಾಡು ಹಾಕಿದವು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಕೈಗವಸು, ಮೂರು ನಿಮಿಷದ ಸುತ್ತು, ಹತ್ತರವರೆಗಿನ ಎಣಿಕೆ ಇವನ್ನೆಲ್ಲ ತಂದವು. ಇಪ್ಪತ್ತನೆಯ ಶತಮಾನದ ಬಹುಭಾಗ ಈ ಕ್ರೀಡೆಯ ಕಿರೀಟ ಅಮೆರಿಕದಲ್ಲೇ ಇದ್ದರೂ ಯುರೋಪು ಆಗಾಗ ಅದನ್ನು ಕಸಿದುಕೊಂಡಿತು. 2000ದ ನಂತರವಂತೂ ಹೆವಿವೇಟ್ ವಿಭಾಗದ ಸಿಂಹಾಸನದಲ್ಲಿ ಹೆಚ್ಚಾಗಿ ಕುಳಿತವರು ಉಕ್ರೇನ್ ಮತ್ತು ಬ್ರಿಟನ್ನಿನವರು.

ಹಾಗಾದರೆ ಯುರೋಪು ಕಂಡ ಸಾರ್ವಕಾಲಿಕ ಶ್ರೇಷ್ಠ ಬಾಕ್ಸರ್ ಯಾರು? ಉತ್ತರಿಸುವ ಮುನ್ನ ಅಳತೆಗೋಲನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ.

ಅಳತೆಗೋಲು ಯಾವುದು?

ಹಲಗೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯೂ ಸೇರಿದಂತೆ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿಗೆ ಇರುವ ಮರ್ಯಾದೆ ಎಲ್ಲರಿಗೂ ತಿಳಿದದ್ದೇ. ಅಲ್ಲಿ ಅಂಕಗಳ ಲೆಕ್ಕವಿಲ್ಲ. ಎದುರಾಳಿಯನ್ನು ಚಿತ್ ಮಾಡಿದವನೇ ಗೆದ್ದವನು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗದಲ್ಲಿಯೂ ಮೊದಲ ರಕ್ತ ಕಂಡೊಡನೆ ಸ್ಪರ್ಧೆ ಮುಗಿಯುತ್ತದೆ. ಇಲ್ಲೆಲ್ಲ ತೀರ್ಪಿನ ಬಗ್ಗೆ ತಕರಾರಿಗೆ ಎಡೆ ಕಡಿಮೆ.

ಬಾಕ್ಸಿಂಗ್ ಹಾಗಲ್ಲ. ನಾಕೌಟ್ ಆಗದಿದ್ದರೆ ಮೂವರು ತೀರ್ಪುಗಾರರ ಅಂಕಪಟ್ಟಿಯೇ ಅಂತಿಮ. ವಿಶ್ವ ಚಾಂಪಿಯನ್ ಪಟ್ಟ ನೀಡುವ ಸಂಸ್ಥೆಗಳೇ ನಾಲ್ಕಿವೆ: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್ ಮತ್ತು ಡಬ್ಲ್ಯುಬಿಒ. ಆದ್ದರಿಂದ ಒಂದು ತೂಕದಲ್ಲಿ ಏಕಕಾಲಕ್ಕೆ ನಾಲ್ವರು ವಿಶ್ವ ಚಾಂಪಿಯನ್ನರು ಇರುವುದು ಅಪರೂಪವೇನಲ್ಲ. ನಾಲ್ಕೂ ಪಟ್ಟಗಳನ್ನು ಒಬ್ಬರೇ ಗೆದ್ದರೆ ಅವರನ್ನು ಅವಿವಾದಿತ ಚಾಂಪಿಯನ್ ಎನ್ನುತ್ತಾರೆ.

ಈ ಕಾರಣದಿಂದ ಕೇವಲ ಪಟ್ಟಗಳ ಎಣಿಕೆಯಾಗಲಿ, ನಾಕೌಟ್‌ಗಳ ಸಂಖ್ಯೆಯಾಗಲಿ ಶ್ರೇಷ್ಠತೆಯ ಮಾನದಂಡವಾಗಲಾರದು. ಪ್ರಸ್ತುತ ಪಟ್ಟಿಗೆ ಮೂರು ಪ್ರಶ್ನೆಗಳನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

1. ಸೋಲಿಸಿದ್ದು ಯಾರನ್ನು? ತಮ್ಮ ಕಾಲದ ಅತ್ಯುತ್ತಮರನ್ನು ಎದುರಿಸಿದರೇ, ತಪ್ಪಿಸಿಕೊಂಡರೇ?
2. ಅನುಕೂಲ ಯಾರ ಕಡೆ ಇತ್ತು? ತಮಗಿಂತ ಭಾರದವರ ವಿರುದ್ಧ, ಎದುರಾಳಿಯ ನೆಲದಲ್ಲಿ, ಅವರದೇ ಪ್ರೇಕ್ಷಕರ ಮುಂದೆ ಗೆದ್ದರೇ?
3. ಬಾಳಿಕೆ ಎಷ್ಟು? ಒಂದು ರಾತ್ರಿಯ ಪವಾಡವೇ, ವರ್ಷಗಳ ಸಾಧನೆಯೇ?

ಯುರೋಪಿನಲ್ಲಿ ಜನಿಸಿದವರನ್ನು ಅಥವಾ ಯುರೋಪಿನ ರಾಷ್ಟ್ರವೊಂದರ ಪರ ಕಣಕ್ಕಿಳಿದವರನ್ನು ಪರಿಗಣಿಸಲಾಗಿದೆ.

ತೂಕದ ವರ್ಗಗಳು

ಮುಂದಿನ ವಿವರಗಳಲ್ಲಿ ಬರುವ ಮುಖ್ಯ ವರ್ಗಗಳ ಗರಿಷ್ಠ ಮೈತೂಕ ಹೀಗಿದೆ:

ಫ್ಲೈವೇಟ್: 50.8 ಕಿಲೋ
ಫೆದರ್‌ವೇಟ್: 57.2 ಕಿಲೋ
ಲೈಟ್‌ವೇಟ್: 61.2 ಕಿಲೋ
ಮಿಡ್ಲ್‌ವೇಟ್: 72.6 ಕಿಲೋ
ಸೂಪರ್ ಮಿಡ್ಲ್‌ವೇಟ್: 76.2 ಕಿಲೋ
ಲೈಟ್ ಹೆವಿವೇಟ್: 79.4 ಕಿಲೋ
ಕ್ರೂಸರ್‌ವೇಟ್: 90.7 ಕಿಲೋ
ಹೆವಿವೇಟ್: ಮಿತಿಯಿಲ್ಲ

10. ಮ್ಯಾಕ್ಸ್ ಶ್ಮೆಲಿಂಗ್ (ಜರ್ಮನಿ, 1905-2005)

1930ರಲ್ಲಿ ಅಮೆರಿಕದ ಜಾಕ್ ಶಾರ್ಕಿ ಸೊಂಟದ ಕೆಳಗೆ ಹೊಡೆದು ಅನರ್ಹಗೊಂಡ ಕಾರಣ ಶ್ಮೆಲಿಂಗ್ ಹೆವಿವೇಟ್ ವಿಶ್ವ ಚಾಂಪಿಯನ್ ಆದರು. ಹಾಗೆ ಬಂದ ಪಟ್ಟಕ್ಕೆ ಹೊಳಪು ಕಡಿಮೆ. ಅವರ ನಿಜವಾದ ಗೆಲುವು 1936ರ ಜೂನ್ 19ರದು. ಅದುವರೆಗೆ ವೃತ್ತಿಪರ ಕಣದಲ್ಲಿ ಸೋಲನ್ನೇ ಕಾಣದಿದ್ದ ಜೋ ಲೂಯಿ ಎಡಗೈ ಪಂಚ್ ಹಾಕಿದ ಬಳಿಕ ಕೈಯನ್ನು ಕೊಂಚ ಕೆಳಗಿಳಿಸುತ್ತಾರೆ ಎಂಬುದನ್ನು ಶ್ಮೆಲಿಂಗ್ ಗುರುತಿಸಿದ್ದರು. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಆ ಕ್ಷಣಕ್ಕಾಗಿ ಕಾದು, ಬಲಗೈ ಹೊಡೆತಗಳಿಂದ 12ನೇ ಸುತ್ತಿನಲ್ಲಿ ಅವರನ್ನು ನೆಲಕ್ಕುರುಳಿಸಿದರು.

1938ರ ಮರುಪಂದ್ಯದಲ್ಲಿ ಲೂಯಿ 124 ಸೆಕೆಂಡುಗಳಲ್ಲಿ ಸೇಡು ತೀರಿಸಿಕೊಂಡರು. ನಾಜಿ ಸರ್ಕಾರ ಶ್ಮೆಲಿಂಗ್ ಅವರನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತಾದರೂ ಅವರು ತಮ್ಮ ಯಹೂದಿ ಮ್ಯಾನೇಜರ್ ಜೋ ಜೇಕಬ್ಸ್ ಅವರನ್ನು ಕೈಬಿಡಲು ಒಪ್ಪಲಿಲ್ಲ. 1938ರ ನವೆಂಬರಿನಲ್ಲಿ ಯಹೂದಿಗಳ ಮೇಲೆ ದೇಶವ್ಯಾಪಿ ದಾಳಿ ನಡೆದಾಗ ಇಬ್ಬರು ಯಹೂದಿ ಬಾಲಕರಿಗೆ ಆಶ್ರಯ ನೀಡಿದ್ದು ದಶಕಗಳ ನಂತರವಷ್ಟೇ ಬೆಳಕಿಗೆ ಬಂತು.

9. ವಾಸಿಲ್ ಲೊಮಾಚೆಂಕೊ (ಉಕ್ರೇನ್, ಜನನ 1988)

2008ರ ಬೀಜಿಂಗ್ ಮತ್ತು 2012ರ ಲಂಡನ್ ಒಲಿಂಪಿಕ್ಸ್‌ಗಳಲ್ಲಿ ಚಿನ್ನ. ಹವ್ಯಾಸಿ ಬಾಕ್ಸಿಂಗ್‌ನಲ್ಲಿ 396 ಗೆಲುವು, ಒಂದೇ ಒಂದು ಸೋಲು. ಕಾಲುಗಳ ಚಲನೆಯಿಂದಲೇ ಎದುರಾಳಿಯ ಪಕ್ಕಕ್ಕೆ ಸರಿದು, ಅವರು ತಿರುಗುವುದರೊಳಗೆ ಹೊಡೆಯುವ ಕಲೆಯಲ್ಲಿ ಇವರಿಗೆ ಸರಿಸಾಟಿ ವಿರಳ. ವೃತ್ತಿಪರರಾದ ಮೇಲೆ ಮೂರನೇ ಪಂದ್ಯದಲ್ಲೇ ಫೆದರ್‌ವೇಟ್ ವಿಶ್ವ ಪಟ್ಟ ಗೆದ್ದರು. 2018ರಲ್ಲಿ ಹೋರ್ಹೆ ಲಿನಾರೆಸ್ ಅವರನ್ನು ಮಣಿಸಿದಾಗ ಕೇವಲ 12 ಪಂದ್ಯಗಳಲ್ಲಿ ಮೂರು ತೂಕಗಳ ಚಾಂಪಿಯನ್ ಎನಿಸಿದರು.

2020ರಲ್ಲಿ ಟಿಯೊಫಿಮೊ ಲೋಪೆಜ್ ಹಾಗೂ 2023ರಲ್ಲಿ ಡೆವಿನ್ ಹೇನಿ ವಿರುದ್ಧದ ಸೋಲುಗಳು ಅವರ ಸ್ಥಾನವನ್ನು ಕೆಳಕ್ಕೆ ತಂದಿವೆ. ಹೇನಿ ಪಂದ್ಯದ ತೀರ್ಪು ಇಂದಿಗೂ ಚರ್ಚಾಸ್ಪದ. 2025ರ ಜೂನ್‌ನಲ್ಲಿ ಅವರು ನಿವೃತ್ತಿ ಘೋಷಿಸಿದರು.

8. ಜೋ ಕಾಲ್ಜಾಗಿ (ವೇಲ್ಸ್, ಜನನ 1972)

46 ಪಂದ್ಯ, 46 ಗೆಲುವು. 1997ರಲ್ಲಿ ಕ್ರಿಸ್ ಯೂಬ್ಯಾಂಕ್ ಅವರನ್ನು ಸೋಲಿಸಿ ಸೂಪರ್ ಮಿಡ್ಲ್‌ವೇಟ್ ಪಟ್ಟಕ್ಕೇರಿದ ಕಾಲ್ಜಾಗಿ ಅದನ್ನು 21 ಬಾರಿ ಉಳಿಸಿಕೊಂಡರು. ತರಬೇತುದಾರ ಅವರ ತಂದೆ ಎಂಜೊ. ಇಟಲಿಯ ಸಾರ್ಡೀನಿಯಾ ಮೂಲದ ಸಂಗೀತಗಾರರಾದ ಅವರು ಸ್ವತಃ ಬಾಕ್ಸರ್ ಆಗಿರಲಿಲ್ಲ ಎಂಬುದು ವಿಶೇಷ.

ಬಹುಕಾಲ ಬ್ರಿಟನ್ ಬಿಟ್ಟು ಹೊರಗೆ ಸ್ಪರ್ಧಿಸಲಿಲ್ಲ, ಬಲಿಷ್ಠ ಎದುರಾಳಿಗಳು ತಡವಾಗಿ ಸಿಕ್ಕರು ಎಂಬುದು ಇವರ ಮೇಲಿನ ಆಕ್ಷೇಪ. 2006ರಲ್ಲಿ ಜೆಫ್ ಲೇಸಿ, 2007ರಲ್ಲಿ ಮಿಕೆಲ್ ಕೆಸ್ಲರ್ ಅವರನ್ನು ಮಣಿಸಿ, 2008ರಲ್ಲಿ ಅಮೆರಿಕಕ್ಕೇ ಹೋಗಿ ಬರ್ನಾರ್ಡ್ ಹಾಪ್ಕಿನ್ಸ್ ಮತ್ತು ರಾಯ್ ಜೋನ್ಸ್ ಇಬ್ಬರನ್ನೂ ಗೆದ್ದು ಅವರು ಇದಕ್ಕೆ ಉತ್ತರ ನೀಡಿದರು. ಆದರೆ ಆ ವೇಳೆಗೆ ಹಾಪ್ಕಿನ್ಸ್ 43, ಜೋನ್ಸ್ 39ರ ಹರೆಯದವರಾಗಿದ್ದರು.

7. ಲಾಸ್ಲೊ ಪಾಪ್ (ಹಂಗರಿ, 1926-2003)

1948ರ ಲಂಡನ್, 1952ರ ಹೆಲ್ಸಿಂಕಿ, 1956ರ ಮೆಲ್ಬರ್ನ್. ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಮೊಟ್ಟಮೊದಲ ಬಾಕ್ಸರ್ ಇವರು. ಮೆಲ್ಬರ್ನ್ ಫೈನಲ್‌ನಲ್ಲಿ ಇವರಿಗೆ ಸೋತ ಹೋಸೆ ಟೊರೆಸ್ ಮುಂದೆ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್ ಆದರು ಎಂಬುದರಿಂದ ಪಾಪ್ ಅವರ ಮಟ್ಟ ಎಂಥದ್ದೆಂದು ಊಹಿಸಬಹುದು.

ಕಮ್ಯುನಿಸ್ಟ್ ಆಡಳಿತದ ಹಂಗರಿಯಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಅವಕಾಶವಿರಲಿಲ್ಲ. 1957ರಲ್ಲಿ ವಿಶೇಷ ಅನುಮತಿ ಪಡೆದು, 31ರ ವಯಸ್ಸಿನಲ್ಲಿ ಪಾಪ್ ವೃತ್ತಿಪರರಾದರು. 1962ರಲ್ಲಿ ಯುರೋಪಿಯನ್ ಮಿಡ್ಲ್‌ವೇಟ್ ಚಾಂಪಿಯನ್ ಆದರು. 29 ಪಂದ್ಯಗಳಲ್ಲಿ 27 ಗೆಲುವು, 2 ಡ್ರಾ, ಸೋಲೇ ಇಲ್ಲ. ವಿಶ್ವ ಪಟ್ಟದ ಪಂದ್ಯ ಕೈಗೆಟಕುವಂತಾದಾಗ ಸರ್ಕಾರ ಅನುಮತಿಯನ್ನು ಹಿಂತೆಗೆದುಕೊಂಡಿತು. ಸೋಲದ ಬಾಕ್ಸರ್ ಸರ್ಕಾರಿ ಕಾಗದದೆದುರು ಸೋತರು. ವಿಶ್ವ ಪಟ್ಟವಿಲ್ಲದಿದ್ದರೂ ಈ ಪಟ್ಟಿಯಲ್ಲಿ ಸ್ಥಾನ ಪಡೆದವರು ಇವರೊಬ್ಬರೇ.

6. ವ್ಲಾದಿಮಿರ್ ಕ್ಲಿಚ್ಕೊ (ಉಕ್ರೇನ್, ಜನನ 1976)

1996ರ ಅಟ್ಲಾಂಟಾ ಒಲಿಂಪಿಕ್ಸ್ ಚಿನ್ನ ವಿಜೇತ. 2006ರ ಏಪ್ರಿಲ್‌ನಿಂದ 2015ರ ನವೆಂಬರ್‌ವರೆಗೆ, ಒಂಬತ್ತೂವರೆ ವರ್ಷಕ್ಕೂ ಹೆಚ್ಚು ಕಾಲ ಹೆವಿವೇಟ್ ಪಟ್ಟ ಉಳಿಸಿಕೊಂಡರು. ಅಖಂಡ ಆಳ್ವಿಕೆಯ ಲೆಕ್ಕದಲ್ಲಿ ಹೆವಿವೇಟ್ ಇತಿಹಾಸದಲ್ಲಿ ಇವರಿಗಿಂತ ಮುಂದಿರುವುದು ಜೋ ಲೂಯಿ ಮಾತ್ರ. ಒಟ್ಟು 69 ಪಂದ್ಯಗಳಲ್ಲಿ 64 ಗೆಲುವು, ಅದರಲ್ಲಿ 53 ನಾಕೌಟ್.

ಉದ್ದನೆಯ ಎಡಗೈಯಿಂದ ಎದುರಾಳಿಯನ್ನು ದೂರವಿಟ್ಟು, ಹತ್ತಿರ ಬಂದರೆ ತಬ್ಬಿ ಹಿಡಿಯುವ ಅವರ ಶೈಲಿ ಎಲ್ಲರಿಗೂ ರುಚಿಸಲಿಲ್ಲ. ಅವರ ಕಾಲದ ಮತ್ತೊಬ್ಬ ಬಲಿಷ್ಠ ಹೆವಿವೇಟ್ ಸ್ವಂತ ಅಣ್ಣ ವಿಟಾಲಿ. ಪರಸ್ಪರ ಹೋರಾಡುವುದಿಲ್ಲವೆಂದು ಸೋದರರಿಬ್ಬರೂ ತಾಯಿಗೆ ಮಾತು ಕೊಟ್ಟಿದ್ದರು. ಹೀಗಾಗಿ ಆ ಕಾಲದ ಬಹುಮುಖ್ಯ ಪಂದ್ಯ ನಡೆಯಲೇ ಇಲ್ಲ.

5. ಮಾರ್ಸೆಲ್ ಸರ್ಡಾನ್ (ಫ್ರಾನ್ಸ್, 1916-1949)

ಫ್ರೆಂಚ್ ಆಡಳಿತದ ಅಲ್ಜೀರಿಯಾದಲ್ಲಿ ಹುಟ್ಟಿ, ಮೊರಾಕೊದ ಕಾಸಾಬ್ಲಾಂಕಾದಲ್ಲಿ ಬೆಳೆದವರು. ನೂರಕ್ಕೂ ಹೆಚ್ಚು ಪಂದ್ಯ ಗೆದ್ದ ಸರ್ಡಾನ್ ವೃತ್ತಿಜೀವನದಲ್ಲಿ ಕಂಡ ಸೋಲು ನಾಲ್ಕೇ ನಾಲ್ಕು. ಅದರಲ್ಲೂ ಎರಡು ಅನರ್ಹತೆಯಿಂದ ಬಂದವು. ಎರಡನೇ ಮಹಾಯುದ್ಧ ಅವರ ಉತ್ತಮ ವರ್ಷಗಳನ್ನು ನುಂಗಿತು. 32ನೇ ವಯಸ್ಸಿನಲ್ಲಿ, 1948ರ ಸೆಪ್ಟೆಂಬರ್ 21ರಂದು ಅಮೆರಿಕದ ಜೆರ್ಸಿ ಸಿಟಿಯಲ್ಲಿ ಟೋನಿ ಜೇಲ್ ಅವರನ್ನು ಹಣ್ಣುಗಾಯಿ ಮಾಡಿ ಮಿಡ್ಲ್‌ವೇಟ್ ವಿಶ್ವ ಪಟ್ಟ ಗೆದ್ದರು.

1949ರ ಜೂನ್‌ನಲ್ಲಿ ಜೇಕ್ ಲಾಮೊಟ್ಟಾ ವಿರುದ್ಧ ಮೊದಲ ಸುತ್ತಿನಲ್ಲೇ ಭುಜಕ್ಕೆ ಪೆಟ್ಟಾಗಿ ಪಟ್ಟ ಕಳೆದುಕೊಂಡರು. ಮರುಪಂದ್ಯಕ್ಕೆಂದು ಅಮೆರಿಕಕ್ಕೆ ಹೊರಟಿದ್ದಾಗ, ಅಕ್ಟೋಬರ್ 28ರಂದು ಅಜೋರ್ಸ್ ದ್ವೀಪದಲ್ಲಿ ಅವರಿದ್ದ ವಿಮಾನ ಪತನಗೊಂಡು 48 ಮಂದಿಯೂ ಅಸುನೀಗಿದರು. ಗಾಯಕಿ ಎಡಿತ್ ಪಿಯಾಫ್ ಜೊತೆಗಿನ ಪ್ರೇಮದಿಂದಾಗಿ ಬಾಕ್ಸಿಂಗ್ ತಿಳಿಯದವರೂ ಅವರ ಹೆಸರನ್ನು ಬಲ್ಲರು. ಆದರೆ ಅವರ ಸ್ಥಾನ ನಿಂತಿರುವುದು ಕಣದಲ್ಲಿನ ಸಾಧನೆಯ ಮೇಲೆ.

4. ಲೆನಾಕ್ಸ್ ಲೂಯಿಸ್ (ಬ್ರಿಟನ್, ಜನನ 1965)

ಲಂಡನ್ನಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರವಾಗಿ ಚಿನ್ನ ಗೆದ್ದು, ವೃತ್ತಿಪರರಾಗಿ ಬ್ರಿಟನ್ನಿಗೆ ಮರಳಿದರು. 1999ರ ನವೆಂಬರ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಅವರನ್ನು ಲಾಸ್ ವೇಗಸ್‌ನಲ್ಲಿ ಸೋಲಿಸಿ ಅವಿವಾದಿತ ಹೆವಿವೇಟ್ ಚಾಂಪಿಯನ್ ಆದರು. 2002ರಲ್ಲಿ ಮೈಕ್ ಟೈಸನ್ ಅವರನ್ನು ಎಂಟನೇ ಸುತ್ತಿನಲ್ಲಿ ನಾಕೌಟ್ ಮಾಡಿದರು.

1994ರಲ್ಲಿ ಆಲಿವರ್ ಮೆಕಾಲ್, 2001ರಲ್ಲಿ ಹಸೀಮ್ ರಹಮಾನ್ ಇವರನ್ನು ನೆಲಕ್ಕೆ ಕೆಡವಿದ್ದುಂಟು. ಲೂಯಿಸ್ ಇಬ್ಬರನ್ನೂ ಮರಳಿ ಕರೆಸಿ ಸೋಲಿಸಿದರು. 2003ರಲ್ಲಿ ಕೊನೆಯ ಪಂದ್ಯದಲ್ಲಿ ವಿಟಾಲಿ ಕ್ಲಿಚ್ಕೊ ಅವರನ್ನು ಮಣಿಸಿ, ಚಾಂಪಿಯನ್ ಆಗಿದ್ದಾಗಲೇ ಕೈಗವಸು ಕಳಚಿಟ್ಟರು. ತಾವು ಎದುರಿಸಿದ ಯಾವ ಬಾಕ್ಸರ್‌ಗೂ ಅಂತಿಮ ಮೇಲುಗೈ ಬಿಟ್ಟುಕೊಡದೆ ನಿವೃತ್ತರಾದ ಹೆವಿವೇಟ್ ಚಾಂಪಿಯನ್ನರು ಬೆರಳೆಣಿಕೆಯಷ್ಟು.

3. ಜಿಮ್ಮಿ ವೈಲ್ಡ್ (ವೇಲ್ಸ್, 1892-1969)

ಮೈತೂಕ 49 ಕಿಲೋಗಿಂತ ಕಡಿಮೆ. ಕಲ್ಲಿದ್ದಲ ಗಣಿಯ ಕಿರಿದಾದ ಸುರಂಗಗಳಲ್ಲಿ ದುಡಿದು ಬೆಳೆದ ವೈಲ್ಡ್ ಜಾತ್ರೆ ಡೇರೆಗಳ ಬಾಕ್ಸಿಂಗ್ ಕಣದಲ್ಲಿ, ತಮಗಿಂತ ಎಷ್ಟೋ ಭಾರದವರನ್ನು ಉರುಳಿಸಿ ಹೆಸರಾದರು. ಬಡಕಲು ದೇಹದಿಂದ ಅಂಥ ಹೊಡೆತ ಬರುವುದನ್ನು ಕಂಡ ಜನ ಅವರನ್ನು ‘ಕೈಯಲ್ಲಿ ಸುತ್ತಿಗೆ ಹಿಡಿದ ದೆವ್ವ’ ಎಂದು ಕರೆದರು.

1915ರ ಜನವರಿಯಲ್ಲಿ ಟ್ಯಾನ್ಸಿ ಲೀ ಕೈಯಲ್ಲಿ ಸೋಲುವ ತನಕ ಅವರನ್ನು ಯಾರೂ ಮಣಿಸಿರಲಿಲ್ಲ. ಮರುವರ್ಷ ಲೀಗೆ ಉತ್ತರ ಕೊಟ್ಟು, 1916ರ ಡಿಸೆಂಬರ್‌ನಲ್ಲಿ ಯಂಗ್ ಜುಲು ಕಿಡ್ ಅವರನ್ನು ಲಂಡನ್ನಿನಲ್ಲಿ ಸೋಲಿಸಿ ಮೊದಲ ಫ್ಲೈವೇಟ್ ವಿಶ್ವ ಚಾಂಪಿಯನ್ ಎನಿಸಿದರು. 1923ರಲ್ಲಿ ನ್ಯೂಯಾರ್ಕಿನಲ್ಲಿ ಫಿಲಿಪ್ಪೀನ್ಸಿನ ಪಾಂಚೊ ವಿಲಾ ಅವರಿಗೆ ಪಟ್ಟ ಒಪ್ಪಿಸುವ ತನಕ ಅದು ಅವರಲ್ಲೇ ಇತ್ತು. ಒಂದು ಶತಮಾನ ಕಳೆದರೂ ಫ್ಲೈವೇಟ್ ವಿಭಾಗದ ಸಾರ್ವಕಾಲಿಕ ಶ್ರೇಷ್ಠರ ಮಾತು ಬಂದಾಗ ಮೊದಲು ಕೇಳಿಬರುವ ಹೆಸರುಗಳಲ್ಲಿ ಇವರದೂ ಒಂದು.

2. ಬಾಬ್ ಫಿಟ್ಜ್‌ಸಿಮನ್ಸ್ (ಇಂಗ್ಲೆಂಡ್, 1863-1917)

ಕಾರ್ನ್‌ವಾಲ್‌ನ ಹೆಲ್‌ಸ್ಟನ್‌ನಲ್ಲಿ ಹುಟ್ಟಿದ ಫಿಟ್ಜ್‌ಸಿಮನ್ಸ್ ಬಾಲ್ಯದಲ್ಲೇ ಕುಟುಂಬದೊಡನೆ ನ್ಯೂಜಿಲೆಂಡ್‌ಗೆ ಹೋಗಿ, ಕಮ್ಮಾರಿಕೆ ಮಾಡುತ್ತ ತೋಳು ಬೆಳೆಸಿಕೊಂಡರು. 1891ರಲ್ಲಿ ಮಿಡ್ಲ್‌ವೇಟ್, 1897ರಲ್ಲಿ ಹೆವಿವೇಟ್, 1903ರಲ್ಲಿ 40ರ ವಯಸ್ಸಿನಲ್ಲಿ ಲೈಟ್ ಹೆವಿವೇಟ್ ಪಟ್ಟ. ಮೂರು ತೂಕಗಳಲ್ಲಿ ವಿಶ್ವ ಚಾಂಪಿಯನ್ ಆದ ಮೊದಲಿಗರು ಇವರೇ.

1897ರ ಮಾರ್ಚ್ 17ರಂದು ಅಮೆರಿಕದ ಕಾರ್ಸನ್ ಸಿಟಿಯಲ್ಲಿ ಜೇಮ್ಸ್ ಕಾರ್ಬೆಟ್ ವಿರುದ್ಧ ಇಳಿದಾಗ ಅವರ ಮೈತೂಕ ಸುಮಾರು 76 ಕಿಲೋ ಮಾತ್ರ. ಆರನೇ ಸುತ್ತಿನಲ್ಲಿ ಕೆಳಗೆ ಬಿದ್ದರೂ ಎದ್ದು, 14ನೇ ಸುತ್ತಿನಲ್ಲಿ ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲ್ಭಾಗಕ್ಕೆ ಎಡಗೈಯಿಂದ ಹೊಡೆದು ಕಾರ್ಬೆಟ್ ಉಸಿರು ಸಿಗದೆ ಕೂರುವಂತೆ ಮಾಡಿದರು. ಈ ಪಂದ್ಯವನ್ನು ಚಲನಚಿತ್ರವಾಗಿಯೂ ಸೆರೆಹಿಡಿಯಲಾಯಿತು. ಇಂದಿನ ಲೆಕ್ಕದಲ್ಲಿ ಸೂಪರ್ ಮಿಡ್ಲ್‌ವೇಟ್ ಎನ್ನಬಹುದಾದ ದೇಹದಿಂದ ಹೆವಿವೇಟ್ ಪಟ್ಟ ಗೆದ್ದ ಸಾಧನೆ ಇಂದಿಗೂ ಅಸಾಧಾರಣ.

1. ಒಲೆಕ್ಸಾಂಡರ್ ಉಸಿಕ್ (ಉಕ್ರೇನ್, ಜನನ 1987)

ಕ್ರಿಮಿಯಾದ ಸಿಂಫೆರೊಪೋಲ್‌ನಲ್ಲಿ ಜನಿಸಿದ ಉಸಿಕ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಅವರ ವೃತ್ತಿಪರ ಪಯಣವನ್ನು ಭೂಪಟದ ಮೇಲೆ ಗುರುತಿಸಿದರೆ ಅವರ ಹಿರಿಮೆ ತಾನಾಗಿಯೇ ತಿಳಿಯುತ್ತದೆ. 2016ರಲ್ಲಿ ಪೋಲೆಂಡಿನ ಗ್ಲೊವಾಟ್ಸ್ಕಿ ಅವರನ್ನು ಪೋಲೆಂಡಿನಲ್ಲಿ, 2017ರಲ್ಲಿ ಜರ್ಮನಿಯ ಮಾರ್ಕೊ ಹುಕ್ ಅವರನ್ನು ಬರ್ಲಿನ್‌ನಲ್ಲಿ, 2018ರ ಜನವರಿಯಲ್ಲಿ ಲಾಟ್ವಿಯಾದ ಬ್ರೀಡಿಸ್ ಅವರನ್ನು ರೀಗಾದಲ್ಲಿ, ಜುಲೈನಲ್ಲಿ ರಷ್ಯಾದ ಗಾಸೀವ್ ಅವರನ್ನು ಮಾಸ್ಕೊದಲ್ಲಿ, ನವೆಂಬರ್‌ನಲ್ಲಿ ಬ್ರಿಟನ್ನಿನ ಟೋನಿ ಬೆಲ್ಯೂ ಅವರನ್ನು ಮ್ಯಾಂಚೆಸ್ಟರ್‌ನಲ್ಲಿ ಸೋಲಿಸಿದರು. ಮಾಸ್ಕೊ ಗೆಲುವಿನೊಂದಿಗೆ ಕ್ರೂಸರ್‌ವೇಟ್‌ನ ನಾಲ್ಕೂ ಪಟ್ಟಗಳು ಅವರವಾದವು. ಅದು ಅವರ 15ನೇ ಪಂದ್ಯವಷ್ಟೇ.

ಅನಂತರ ಹೆವಿವೇಟ್‌ಗೆ ಏರಿದರು. 2021ರಲ್ಲಿ ಆಂಟನಿ ಜೋಶುವಾ ಅವರನ್ನು ಲಂಡನ್ನಿನಲ್ಲಿ, 2022ರಲ್ಲಿ ಮತ್ತೆ ಜೆಡ್ಡಾದಲ್ಲಿ ಮಣಿಸಿದರು. ಈ ಎರಡು ಪಂದ್ಯಗಳ ನಡುವೆ ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಬಂದಿತ್ತು. ಉಸಿಕ್ ಕೆಲಕಾಲ ಕೀವ್ ನಗರದ ರಕ್ಷಣಾ ಪಡೆಯಲ್ಲಿದ್ದು ಬಳಿಕ ತರಬೇತಿಗೆ ಮರಳಿದರು. 2024ರ ಮೇ 18ರಂದು ರಿಯಾದ್‌ನಲ್ಲಿ ಟೈಸನ್ ಫ್ಯೂರಿ ಅವರನ್ನು ಸೋಲಿಸಿ, ಲೆನಾಕ್ಸ್ ಲೂಯಿಸ್ ಬಳಿಕದ ಮೊದಲ ಅವಿವಾದಿತ ಹೆವಿವೇಟ್ ಚಾಂಪಿಯನ್ ಆದರು. ಡಿಸೆಂಬರ್‌ನ ಮರುಪಂದ್ಯದಲ್ಲಿ ಫ್ಯೂರಿ ಅವರಿಗಿಂತ ಸುಮಾರು 25 ಕಿಲೋ ಭಾರವಿದ್ದರು. ಆದರೂ ಮೂವರು ತೀರ್ಪುಗಾರರೂ ಉಸಿಕ್ ಪರವಾಗಿ 116-112 ಎಂದೇ ಬರೆದರು. 2025ರ ಜುಲೈ 19ರಂದು ಲಂಡನ್ನಿನ ವೆಂಬ್ಲಿಯಲ್ಲಿ ಡೇನಿಯಲ್ ಡುಬುವಾ ಅವರನ್ನು ಐದನೇ ಸುತ್ತಿನಲ್ಲಿ ನಾಕೌಟ್ ಮಾಡಿದಾಗ ಅವರ ದಾಖಲೆ 24 ಪಂದ್ಯ, 24 ಗೆಲುವು.

ಮೇಲೆ ಹೇಳಿದ ಮೂರೂ ಪ್ರಶ್ನೆಗಳಿಗೆ ಇಷ್ಟು ಸ್ಪಷ್ಟವಾಗಿ ಉತ್ತರ ಸಿಗುವುದು ಇವರೊಬ್ಬರಲ್ಲಿ. ಫಿಟ್ಜ್‌ಸಿಮನ್ಸ್ ಅವರ ತೂಕದ ಸಾಹಸ ಇನ್ನೂ ದೊಡ್ಡದಿರಬಹುದು. ಆದರೆ ಅವರು 1899ರಲ್ಲಿ ಹೆವಿವೇಟ್ ಪಟ್ಟವನ್ನು ಮೊದಲ ಬಾರಿ ಪಣಕ್ಕಿಟ್ಟಾಗಲೇ ಜೇಮ್ಸ್ ಜೆಫ್ರೀಸ್‌ಗೆ ಸೋತರು.

ಪಟ್ಟಿಯ ಹೊರಗುಳಿದವರು

1921ರಲ್ಲಿ ಜಾಕ್ ಡೆಂಪ್ಸಿ ಅವರನ್ನು ಎದುರಿಸಿ, ಹತ್ತು ಲಕ್ಷ ಡಾಲರ್ ಮೀರಿದ ಮೊದಲ ಟಿಕೆಟ್ ಸಂಗ್ರಹಕ್ಕೆ ಕಾರಣರಾದ ಫ್ರಾನ್ಸಿನ ಜಾರ್ಜ್ ಕಾರ್ಪೆಂಟಿಯರ್, 1959ರಲ್ಲಿ ಫ್ಲಾಯ್ಡ್ ಪ್ಯಾಟರ್ಸನ್ ಅವರನ್ನು ಕೆಡವಿದ ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್, 1960ರ ರೋಮ್ ಒಲಿಂಪಿಕ್ಸ್ ಚಿನ್ನ ವಿಜೇತ ಇಟಲಿಯ ನೀನೊ ಬೆನ್ವೆನೂಟಿ, ಸ್ಕಾಟ್ಲೆಂಡಿನ ಕೆನ್ ಬುಕನನ್, ಟೈಸನ್ ಫ್ಯೂರಿ ಇವರಲ್ಲಿ ಯಾರಾದರೂ ಹತ್ತನೇ ಸ್ಥಾನಕ್ಕೆ ಹಕ್ಕು ಸಾಧಿಸಬಹುದು.

ಮಹಿಳಾ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಸೇರಿದ್ದೇ 2012ರಲ್ಲಿ. ಭಾರತದ ಮೇರಿ ಕೋಮ್ ಅವರನ್ನು ಅಲ್ಲಿ ಸೆಮಿಫೈನಲ್‌ನಲ್ಲಿ ಸೋಲಿಸಿದ ಬ್ರಿಟನ್ನಿನ ನಿಕೋಲಾ ಆ್ಯಡಮ್ಸ್ ಚಿನ್ನ ಗೆದ್ದು, 2016ರಲ್ಲಿ ಅದನ್ನು ಉಳಿಸಿಕೊಂಡರು. ಅದೇ ಕೂಟದ ಲೈಟ್‌ವೇಟ್ ಚಿನ್ನ ಐರ್ಲೆಂಡಿನ ಕೇಟಿ ಟೇಲರ್ ಅವರದು. ಎರಡು ತೂಕಗಳಲ್ಲಿ ಅವಿವಾದಿತ ಚಾಂಪಿಯನ್ ಆದ, ಅಮಾಂಡಾ ಸೆರಾನೊ ಅವರನ್ನು 2022, 2024 ಮತ್ತು 2025ರಲ್ಲಿ ಮೂರು ಬಾರಿ ಮಣಿಸಿದ ಟೇಲರ್, ಮಹಿಳೆಯರದೇ ಪಟ್ಟಿ ಮಾಡಿದರೆ ನಿಸ್ಸಂಶಯವಾಗಿ ಮೊದಲಿಗರು.

ಅವಕಾಶವೇ ಸಿಗದವರು

ಇಂಥ ಯಾವ ಪಟ್ಟಿಯನ್ನೂ ಓದುವಾಗ ನೆನಪಿಡಬೇಕಾದ ಸಂಗತಿಯೊಂದಿದೆ. ಬ್ರಿಟನ್ನಿನಲ್ಲಿ 1948ರವರೆಗೆ ಕಪ್ಪು ವರ್ಣದ ಬಾಕ್ಸರ್‌ಗಳು ರಾಷ್ಟ್ರೀಯ ಪಟ್ಟಕ್ಕೆ ಸ್ಪರ್ಧಿಸುವಂತಿರಲಿಲ್ಲ. ಸ್ಪರ್ಧಿಗಳ ತಂದೆತಾಯಿ ಇಬ್ಬರೂ ಬಿಳಿಯರಾಗಿರಬೇಕೆಂಬ ನಿಯಮವಿತ್ತು. ಆ ನಿಯಮ ಹೋದ ವರ್ಷವೇ ಡಿಕ್ ಟರ್ಪಿನ್ ಬ್ರಿಟಿಷ್ ಮಿಡ್ಲ್‌ವೇಟ್ ಚಾಂಪಿಯನ್ ಆದರು. ಮೂರು ವರ್ಷಗಳ ಬಳಿಕ, 1951ರ ಜುಲೈ 10ರಂದು ಅವರ ತಮ್ಮ ರ‍್ಯಾಂಡಾಲ್ಫ್ ಟರ್ಪಿನ್, ಸಾರ್ವಕಾಲಿಕ ಶ್ರೇಷ್ಠರೆಂದು ಅನೇಕರು ಒಪ್ಪುವ ಶುಗರ್ ರೇ ರಾಬಿನ್ಸನ್ ಅವರನ್ನೇ ಲಂಡನ್ನಿನಲ್ಲಿ ಸೋಲಿಸಿದರು. ಪಟ್ಟ ಅವರಲ್ಲಿ ಉಳಿದದ್ದು 64 ದಿನ ಮಾತ್ರ. ಆದರೆ ಬಾಗಿಲು ತೆರೆದ ಮೂರೇ ವರ್ಷದಲ್ಲಿ ಒಂದೇ ಮನೆಯಿಂದ ಇಬ್ಬರು ಚಾಂಪಿಯನ್ನರು ಬಂದದ್ದನ್ನು ಕಂಡರೆ, ಅದಕ್ಕೂ ಮೊದಲು ಹೊರಗೆ ನಿಲ್ಲಿಸಲ್ಪಟ್ಟವರಲ್ಲಿ ಎಂಥವರಿದ್ದರೋ ಎಂಬ ಪ್ರಶ್ನೆ ಏಳದಿರದು.

ಒಂದೆಡೆ ಮೈಬಣ್ಣದ ನಿಯಮ, ಇನ್ನೊಂದೆಡೆ ಪಾಪ್ ಅವರನ್ನು ತಡೆದ ಸರ್ಕಾರಿ ಅಪ್ಪಣೆ, ಮತ್ತೊಂದೆಡೆ ಸರ್ಡಾನ್ ಅವರ ವರ್ಷಗಳನ್ನು ಕಸಿದ ಯುದ್ಧ. ಕಣದೊಳಗಿನ ಗೆಲುವುಗಳನ್ನು ಎಣಿಸುವ ಪಟ್ಟಿ ಕಣದ ಹೊರಗಿನ ಈ ಸೋಲುಗಳನ್ನು ಎಣಿಸುವುದಿಲ್ಲ. ಉಸಿಕ್ ಅವರಿಗೆ ಮೊದಲ ಸ್ಥಾನ ಸಲ್ಲುವುದಕ್ಕೆ ಇದೂ ಒಂದು ಕಾರಣ. ಅವರ ಕಾಲದಲ್ಲಿ ಕಣದ ಬಾಗಿಲು ಎಲ್ಲ ವರ್ಣದವರಿಗೂ ತೆರೆದಿತ್ತು. ಅಲ್ಲಿಗೆ ಬಂದವರನ್ನೆಲ್ಲ, ಬಹುಪಾಲು ಅವರವರ ಊರಿನಲ್ಲಿಯೇ, ಉಸಿಕ್ ಗೆದ್ದರು.